ಸ್ಕೋರರ್ ಕುರ್ಚಿಯಿಂದ ಬಂದ ಮಾತು

ಚರಿತ್ರೆ ಬರೆಯುವ ಕೆಲಸ ಸಮೀಕ್ಷಾಳ ಪಾಲಿಗೆ ಬಂದದ್ದು ಅವಳು ಚೆನ್ನಾಗಿ ಬರೆಯುತ್ತಾಳೆಂದಲ್ಲ, ಚೆನ್ನಾಗಿ ಆಡುವುದಿಲ್ಲವೆಂದು. ಕಾಲೇಜಿನ ಸಾಫ್ಟ್‌ಬಾಲ್ ತಂಡದ ಹದಿನೈದು ಹುಡುಗಿಯರಲ್ಲಿ ಅವಳು ಹದಿನೈದನೆಯವಳು. ಚೆಂಡಿಗಿಂತ ನೀರಿನ ಕ್ಯಾನಿನ ಜೊತೆಗೇ ಅವಳ ಒಡನಾಟ ಹೆಚ್ಚು.

"ಫೋನಂತೂ ನಿನ್ನ ಕೈ ಬಿಡಲ್ಲ," ಎಂದಿದ್ದರು ಕೋಚ್ ರೊಹಾನಾ, ತಮ್ಮ ಮಲಯ್ ಬೆರೆತ ಇಂಗ್ಲಿಷಿನಲ್ಲಿ. "ಅದ್ರಲ್ಲೇ ಬರಿ ಲಾ. ಟೂರ್ನಮೆಂಟಿಗೆ ಹದಿನೈದು ತುಂಬ್ತಿದೆ, ಪುಸ್ತಕ ಮಾಡ್ತಾರಂತೆ. ಶನಿವಾರದೊಳಗೆ ಬೇಕು."

ಮಲೇಷ್ಯಾದ ಆರು ವೈದ್ಯಕೀಯ ಕಾಲೇಜುಗಳು ಸೇರಿ ನಡೆಸುವ ಚಾಂಪಿಯನ್‌ಶಿಪ್ ಅದು. ಸಮೀಕ್ಷಾ ಪುಚೊಂಗ್‌ನ ಎಲ್‌ಆರ್‌ಟಿ ರೈಲಿನಲ್ಲಿ ನೇತಾಡಿಕೊಂಡೇ ಬರೆಯತೊಡಗಿದಳು. ಮೊದಲ ವರ್ಷ ಎರಡು ತಂಡಗಳು ದಾರಿ ತಪ್ಪಿ ಬೇರೆ ಮೈದಾನಕ್ಕೆ ಹೋಗಿ, ಅಲ್ಲಿ ತಮ್ಮತಮ್ಮಲ್ಲೇ ಆಡಿ ಮುಗಿಸಿ ಮನೆಗೆ ಹೋಗಿದ್ದವು. ಮೂರನೆಯ ವರ್ಷ ಉಡವೊಂದು ಸೆಕೆಂಡ್ ಬೇಸ್ ಮೇಲೆ ಬಿಸಿಲು ಕಾಯಿಸುತ್ತ ಮಲಗಿ ಇಪ್ಪತ್ತು ನಿಮಿಷ ಆಟ ನಿಂತಿತ್ತು. ಹಳೆಯ ವರದಿಗಳನ್ನು ಓದುತ್ತ ಅವಳು ಒಬ್ಬಳೇ ಕಿಸಕ್ಕನೆ ನಕ್ಕಾಗ, ಎದುರಿಗಿದ್ದ ಅಜ್ಜಿ ಎದ್ದು ಬೇರೆ ಸೀಟಿಗೆ ಹೋಗಿ ಕೂತಳು.

ನಗು ನಿಂತದ್ದು ನಾಲ್ಕನೆಯ ವರ್ಷಕ್ಕೆ ಬಂದಾಗ.

2012ರ ಫೈನಲ್. ಅವಳ ಕಾಲೇಜು ಗೆದ್ದ ಒಂದೇ ಒಂದು ಕಪ್ ಇವತ್ತಿಗೂ ಆಫೀಸಿನ ಗಾಜಿನ ಕಪಾಟಿನಲ್ಲಿದೆ. ಅಂದು ಎದುರು ತಂಡದ ನಾಯಕಿ ಇದೇ ರೊಹಾನಾ. ಕೊನೆಯ ಇನಿಂಗ್ಸ್‌ನಲ್ಲಿ ಅವರು ಬೀಸಿದ ಹೊಡೆತಕ್ಕೆ ಎರಡು ರನ್ ಬಂದು ಅವರ ತಂಡ ಮುಂದಾಗಿತ್ತು. ಅಷ್ಟರಲ್ಲಿ ಸಮೀಕ್ಷಾಳ ಕಾಲೇಜಿನ ಕ್ಯಾಚರ್ ಅಂಪೈರ್ ಬಳಿ ಓಡಿ ದೂರು ಕೊಟ್ಟಳು. ರೊಹಾನಾ ಐದನೆಯವರು, ನಾಲ್ಕನೆಯವಳು ಶೂ ಲೇಸ್ ಕಟ್ಟುತ್ತಿದ್ದಾಗ ಸರದಿ ತಪ್ಪಿ ಬ್ಯಾಟ್ ಹಿಡಿದು ಬಂದಿದ್ದಾರೆ ಎಂದು. ಸ್ಕೋರ್ ಪುಸ್ತಕ ನೋಡಿದರೆ ಹೌದು. ಎರಡೂ ರನ್ ಅಳಿಸಿಹೋದವು, ಅದೇ ಕೊನೆಯ ಔಟ್, ಆಟ ಮುಗಿಯಿತು.

ರೊಹಾನಾ ಮತ್ತೆಂದೂ ಪಂದ್ಯ ಆಡಲಿಲ್ಲ. ಈಗ ಪ್ರತಿ ಆಟಕ್ಕೂ ಮೊದಲು ಹುಡುಗಿಯರನ್ನು ಬ್ಯಾಟಿಂಗ್ ಸರದಿಯಂತೆ ಸಾಲಾಗಿ ನಿಲ್ಲಿಸುತ್ತಾರೆ. ಒಬ್ಬೊಬ್ಬಳೂ ತನ್ನ ಮುಂದಿನವಳ ಭುಜ ಮುಟ್ಟಿ ಅವಳ ಹೆಸರು ಹೇಳಬೇಕು, ಮೂರು ಸಲ. ಬೆಂಚಿನವರಿಗೂ ಬಿಡುಗಡೆಯಿಲ್ಲ. ಹುಡುಗಿಯರು ಬೆನ್ನ ಹಿಂದೆ ಅದಕ್ಕೆ ರೈಲಾಟ ಎಂದು ಹೆಸರಿಟ್ಟು ನಗುತ್ತಿದ್ದರು. ಸಮೀಕ್ಷಾ ಎಲ್ಲರಿಗಿಂತ ಜೋರಾಗಿ.

ಗುರುವಾರ ಕೋಚ್ ಒಂದು ಹಳೆಯ ವಿಡಿಯೊ ಕಳಿಸಿದರು, ಜೊತೆಗೊಂದು ವಾಯ್ಸ್ ಮೆಸೇಜು. "ಆ ಕ್ಯಾಚರ್‌ಗೆ ಇದ್ದಕ್ಕಿದ್ದಂತೆ ಹೇಗೆ ಗೊತ್ತಾಯ್ತು ಅಂತ ಹನ್ನೊಂದು ವರ್ಷದಿಂದ ಇದನ್ನ ನೋಡ್ತಿದ್ದೀನಿ. ಯಾರೋ ಏನೋ ಕೂಗ್ತಾರೆ. ನನ್ನ ತಮಿಳು ಫ್ರೆಂಡ್‌ಗೆ ಕೇಳಿಸ್ದೆ, ತಮಿಳಲ್ಲ ಅಂದ. ನಿಂಗೇನಾದ್ರೂ ತಿಳಿಯುತ್ತಾ, ನೋಡು."

ಅವಳು ಇಯರ್‌ಫೋನ್ ಹಾಕಿಕೊಂಡಳು. ಗಾಳಿ, ಕಿರುಚಾಟ, ಅಲ್ಲಾಡುವ ಚಿತ್ರ. ನಡುವೆ ಚಿತ್ರದಾಚೆ ಎಲ್ಲಿಂದಲೋ, ಕನ್ನಡ ಬಲ್ಲ ಕಿವಿಗೆ ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಒಂದು ಗಂಡುದನಿ:

"ಅಕ್ಷಯಾ, ಅವಳ ನಂಬರ್ ನೋಡು ಮಾರಾಯ್ತಿ!"

ಕ್ಯಾಚರ್ ತಟಕ್ಕನೆ ಆ ಕಡೆ ತಿರುಗಿದಳು.

ಎರಡನೇ ಸಲ ಕೇಳುವ ಅಗತ್ಯವೇ ಇರಲಿಲ್ಲ. ಇದೇ ದನಿ ದಿನಾ ಬೆಳಿಗ್ಗೆ ಅಮ್ಮನನ್ನು "ನನ್ನ ಟವೆಲ್ ಎಲ್ಲಿ ಮಾರಾಯ್ತಿ" ಎಂದು ಕೇಳುತ್ತದೆ. ಅಪ್ಪ ದಾಮೋದರ ಮಣಿಪಾಲದಿಂದ ಬಂದು ಇದೇ ಕಾಲೇಜಿನಲ್ಲಿ ಪಾಠ ಮಾಡುವವರು, ಟೂರ್ನಮೆಂಟಿಗೆ ಮೊದಲ ವರ್ಷದಿಂದಲೂ ಸ್ಕೋರರ್. ಸರದಿ ತಪ್ಪಿದ್ದು ಸ್ಕೋರರ್ ಕಣ್ಣಿಗೆ ಬಿದ್ದರೂ ಯಾರಿಗೂ ಹೇಳುವಂತಿಲ್ಲ, ಎದುರು ತಂಡವೇ ಕಂಡುಹಿಡಿಯಬೇಕು. "ಆ ಕುರ್ಚಿಯಲ್ಲಿ ಕೂತವನಿಗೆ ಕಣ್ಣುಂಟು, ಬಾಯಿಲ್ಲ," ಎಂದು ಅವಳಿಗೆ ಹೇಳಿಕೊಟ್ಟವರೂ ಅಪ್ಪನೇ. ಶನಿವಾರದ ಉದ್ಘಾಟನೆಯಲ್ಲಿ ಅವರಿಗೆ ಸನ್ಮಾನವಿತ್ತು.

"ಗಾಳಿ ಶಬ್ದ ಜಾಸ್ತಿ ಕೋಚ್, ಸರಿಯಾಗಿ ಕೇಳ್ತಿಲ್ಲ," ಎಂದು ಟೈಪ್ ಮಾಡಿ ಕಳಿಸಿದಳು.

ಸಂಜೆ ಅಮ್ಮ ದೇವಕಿ ನೀರುದೋಸೆ ಹುಯ್ಯುತ್ತಿದ್ದರು. ಸಮೀಕ್ಷಾ ಅಪ್ಪನ ತಟ್ಟೆಯ ಪಕ್ಕ ಫೋನಿಟ್ಟು ವಿಡಿಯೊ ಹಾಕಿದಳು. ದೋಸೆ ಮುರಿಯುತ್ತಿದ್ದ ಕೈ ನಿಂತಿತು.

"ಓ, ಅಕ್ಷಯನ ಮ್ಯಾಚಲ್ವಾ?" ಅಮ್ಮ ಇಣುಕಿದರು. "ಪಾಪ, ಆದಿತ್ಯವಾರ ಆದ್ರೆ ಇಲ್ಲೇ ಊಟಕ್ಕೆ ಬರ್ತಿದ್ಲು."

"ಅಪ್ಪ, ಇದು ನೀವಲ್ವಾ?"

"ಸೌಂಡ್ ಕಮ್ಮಿ ಮಾಡು." ಅಪ್ಪ ಫೋನನ್ನು ಮಗುಚಿಟ್ಟರು. "ಆರ್ಡರ್ ತಪ್ಪಿದ್ದು ಹೌದಲ್ಲ? ನಾನೆಂತ ಸುಳ್ಳು ಹೇಳಿದ್ನಾ?"

"ಸತ್ಯ ಆದ್ರೂ ಹೇಳ್ಲಿಕ್ಕೆ ಇರ್ಲಿಲ್ಲ ಅಲ್ವಾ? ಕಣ್ಣುಂಟು ಬಾಯಿಲ್ಲ ಅಂತ ನಂಗೆ ಹೇಳಿದ್ದು ಯಾರು?"

"ಬಾಯಿಗೆ ಬಂದೇಬಿಡ್ತು. ಆ ಗ್ರೌಂಡಲ್ಲಿ ಕನ್ನಡ ಬರ್ತಿದ್ದದ್ದು ನಮ್ಮಿಬ್ಬರಿಗೇ. ಯಾರಿಗೆ ಗೊತ್ತಾಗ್ತದೆ ಅಂತ..." ಅಪ್ಪ ತಟ್ಟೆ ದೂಡಿದರು. "ರೊಹಾನನಿಗೆ ಇಲ್ಲಿ ಕೆಲಸ ಕೊಡಿ ಅಂತ ಡೀನ್ ಹತ್ರ ಹೋಗಿ ಕೂತದ್ದು ಯಾರು, ಗೊತ್ತುಂಟಾ ನಿಂಗೆ? ವಾರಕ್ಕೆರಡು ಸಲ ಮಾಮಕ್ ಅಂಗಡಿಯಲ್ಲಿ ಅವಳ ಎದುರು ಕೂತು ಚಾ ಕುಡೀತೇನೆ. ಗಂಟಲಲ್ಲಿ ಇಳಿಯೋದಿಲ್ಲ. ಇದಕ್ಕಿಂತ ಶಿಕ್ಷೆ ಎಂತ ಬೇಕು?"

"ಅದು ನಿಮ್ಗೆ ಮಾತ್ರ ಗೊತ್ತಿರೋ ಶಿಕ್ಷೆ ಅಪ್ಪ. ಅವ್ರಿಗೆ ಗೊತ್ತೇ ಇಲ್ಲ."

"ಸಾಕು ಬಿಡಿ ಇಬ್ರೂ," ಅಮ್ಮ ಸಟ್ಟುಗ ಕುಟ್ಟಿದರು. "ಸಮೀ, ಅದೊಂದು ವರ್ಷ ಬರೀಬೇಡ. ಎಲ್ಲರೆದುರು ಅಪ್ಪನಿಗೆ ಶಾಲು ಹೊದಿಸ್ತಾರೆ, ನೆನಪಿರ್ಲಿ."

ಬರೆಯದೆ ಬಿಟ್ಟರೆ ಮೂರನೆಯ ವರ್ಷವಾದ ಮೇಲೆ ಐದನೆಯದು ಬರುತ್ತದೆ. ಕೋಚ್ ಮೊದಲು ಹುಡುಕುವುದು ನಾಲ್ಕನೆಯದನ್ನೇ. ಶುಕ್ರವಾರವಿಡೀ ಅವಳು ಆ ಸಾಲುಗಳನ್ನು ಬರೆದಳು, ಅಳಿಸಿದಳು, ಮತ್ತೆ ಬರೆದಳು.

ಶನಿವಾರ ಬೆಳಿಗ್ಗೆ ಅಪ್ಪ ಹೊಸ ಬಾಟಿಕ್ ಅಂಗಿ ಹಾಕಿ ಕಾರು ತೆಗೆದರು. ಮೈದಾನದ ಪಕ್ಕ ನಿಲ್ಲಿಸಿದಾಗ ಅವಳು ಫೋನು ಚಾಚಿದಳು. "ಬರ್ದಿದ್ದೇನೆ ಅಪ್ಪ. ಕಳಿಸುವ ಮೊದ್ಲು ನೀವು ಓದಿ."

"ನೀನೇ ಓದು."

"ನಾಲ್ಕನೆಯ ವರ್ಷ ಸರದಿ ತಪ್ಪಿದ್ದು ನಿಜ. ಆದರೆ ಅದನ್ನು ಕಂಡುಹಿಡಿದದ್ದು ಕ್ಯಾಚರ್ ಅಲ್ಲ. ಸ್ಕೋರರ್ ಹೇಳಿಕೊಟ್ಟರು. ಸ್ಕೋರರ್ ನನ್ನ ಅಪ್ಪ."

ಅಪ್ಪ ಎದುರಿನ ಗಾಜನ್ನೇ ನೋಡುತ್ತಿದ್ದರು. ಎಂಜಿನ್ ಗುಂಯ್‌ಗುಡುತ್ತಿತ್ತು.

"ನನ್ನ ಅಪ್ಪ ಅಂತ ಬೇಡ," ಎಂದರು ಕೊನೆಗೆ. "ನಿನ್ನನ್ಯಾಕೆ ಅದಕ್ಕೆ ಸೇರಿಸ್ತೀ? ದಾಮೋದರ ಅಂತ ಹಾಕು."

ಸಮೀಕ್ಷಾ ಹಾಗೆಯೇ ತಿದ್ದಿ, ಇಳಿದು ಸೀದಾ ಕೋಚ್ ಬಳಿ ಹೋದಳು. ಮೊದಲು ತಾನು ಹೇಳಿದ್ದ ಸುಳ್ಳನ್ನು ಒಪ್ಪಿಕೊಂಡಳು, ಆಮೇಲೆ ಅಪ್ಪನ ಮಾತು ತಿಳಿಸಿದಳು. ಒಂದೊಂದೇ ಪದ ಬಿಡಿಸಿ ಇಂಗ್ಲಿಷಿನಲ್ಲಿ. ರೊಹಾನಾ ಟೋಪಿ ತೆಗೆದು ಕೈಯಲ್ಲಿ ಹಿಡಿದು ಕೇಳಿದರು.

"ಕೊನೇದು? ಮಾರಾಯ್ತಿ? ಅದೇನು?"

"ಅದು... ತೀರಾ ನಮ್ಮವರನ್ನ ಹಾಗೆ ಕರೀತಾರೆ ಕೋಚ್."

ರೊಹಾನಾ ಟೋಪಿಯ ಅಂಚನ್ನು ಮಡಚಿದರು. "ತಪ್ಪು ನಂದೇ ಲಾ. ನಾನೇ ಸರದಿ ತಪ್ಪಿ ಬಂದೆ." ದನಿ ಒಡೆಯಿತು. "ಬ್ಯಾಟ್ ಹಿಡ್ಕೊಂಡು ಅವರ ಮೇಜಿನ ಮುಂದೇನೇ ನಡ್ಕೊಂಡು ಹೋದೆ. ನಂಗ್ಯಾರೂ ಹಾಗೆ ಕೂಗಿ ಹೇಳ್ಲಿಲ್ಲ."

ಅತ್ತ ಹುಡುಗಿಯರು ಸಾಲು ನಿಂತಾಗಿತ್ತು. ಸಮೀಕ್ಷಾ ಓಡಿಹೋಗಿ ಕೊನೆಗೆ ನಿಂತು ಹದಿನಾಲ್ಕನೆಯವಳ ಭುಜ ಮುಟ್ಟಿದಳು. ಇನ್ನು ಕೋಚ್ ಬಂದು ಶುರು ಎನ್ನಬೇಕು.

ಕೋಚ್ ಸಾಲನ್ನು ದಾಟಿ ಹೋದರು. ಟೋಪಿ ಹಿಂಡುತ್ತ ಅಪ್ಪನ ಕಾರಿನವರೆಗೂ ನಡೆದು ಕಿಟಕಿಯ ಪಕ್ಕ ನಿಂತರು. ಗಾಜು ಮುಚ್ಚಿಯೇ ಇತ್ತು.

"ಹೇಯ್, ಶುರು ಮಾಡೋದಾ?" ಮುಂದಿನಿಂದ ಯಾರೋ ಕೇಳಿದರು.

ಸಮೀಕ್ಷಾ ಕಾರಿನ ಕಡೆಯೇ ನೋಡುತ್ತಿದ್ದಳು. ಗಾಜು ನಾಲ್ಕು ಬೆರಳಷ್ಟು ಇಳಿದು ನಿಂತಿತು. ರೊಹಾನಾ ಬಾಗಲಿಲ್ಲ, ಅಪ್ಪ ಇಳಿಯಲಿಲ್ಲ. ಸಾಲಿನಲ್ಲಿ ಎಲ್ಲರ ಕೈಯೂ ಮುಂದಿನವಳ ಭುಜದ ಮೇಲಿತ್ತು. ಯಾರೂ ಯಾರ ಹೆಸರನ್ನೂ ಹೇಳಲಿಲ್ಲ.