ಗುಡ್ಡವ್ವನ ಪಾಲಿನ ಹಾಲು

ಚನ್ನವ್ವ ಪುಡಿಹಾಲನ್ನು ಗಂಟು ಬೀಳದಂತೆ ಕಲಸುತ್ತಿದ್ದಾಗ ಪಡಸಾಲೆಯ ಧಣಿ ಗುರುಲಿಂಗಪ್ಪ ಬಾಗಿಲಿಗೆ ಅಡ್ಡ ಬಂದು ನಿಂತ.

"ಗುಡ್ಡವ್ವನ ಬಾಯಾಗ ಬಿಡಾಕೇನ್ರಿ ಅಕ್ಕಾರ?"

"ಹೌದ್ರಿ."

"ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ದೂರ ನಿಂತು ಕೈ ಮುಗದು ಬರ್ರಿ. ಹೆಣಾ ಮುಟ್ಟಿದ್ರ ಮಾತ್ರ ಪಡಸಾಲಿ ಕೀಲಿ ಕೊಟ್ಟು ಹುಕ್ಕೇರಿ ಹಾದಿ ಹಿಡೀರಿ."

ಹುಕ್ಕೇರಿಯ ವಿಧವೆ ಚನ್ನವ್ವನನ್ನು ಸರಕಾರ ಗ್ರಾಮಸೇವಿಕೆಯಾಗಿ ಮಮದಾಪುರಕ್ಕೆ ಕಳಿಸಿ ಮೂರು ವರ್ಷವಾಗಿತ್ತು. ಈ ಪಡಸಾಲೆ ಹೋದರೆ ನಲವತ್ತು ಮಕ್ಕಳ ಹಾಲೂ ಹೋದಂತೆಯೇ. ಬೇರೆ ಯಾರೂ ಜಾಗ ಕೊಡುವವರಿರಲಿಲ್ಲ. ಆದರೂ ಬಟ್ಟಲು ಹಿಡಿದು ಹೊರಬಿದ್ದಳು. ಹೆದರಿದ್ದು ಸಾಕು, ಇವತ್ತು ಗುಡ್ಡವ್ವನ ಗದ್ದ ಹಿಡಿದೇ ಹಾಲು ಬಿಡುತ್ತೇನೆ, ಕೀಲಿ ಹೋದರೆ ಹೋಗಲಿ ಎಂದುಕೊಂಡಳು.

* * *

ಪಡಸಾಲೆಯಲ್ಲಿ ಮಕ್ಕಳ ಹಾಲಿನ ಕೇಂದ್ರ ತೆರೆದ ಮೊದಲ ವಾರ ಹಾಲು ಕಲಸಿದವಳು ಸೂಲಗಿತ್ತಿ ಗುಡ್ಡವ್ವ. ಊರಿನ ಅರ್ಧ ಕೂಸುಗಳು ಭೂಮಿಗೆ ಬಿದ್ದದ್ದೇ ಅವಳ ಕೈಯಲ್ಲಿ. ಹಾಗಿದ್ದೂ ಒಂದು ಮಗುವನ್ನೂ ಮನೆಯವರು ಬಟ್ಟಲು ಮುಟ್ಟಗೊಡಲಿಲ್ಲ. ಸಮುದ್ರದಾಚೆ ಯಾವ ಯಾವ ಕೈಗಳು ತುಂಬಿದ ಪುಡಿಹಾಲಿನ ಡಬ್ಬಿಯೋ, ಅದಕ್ಕೆ ಮೈಲಿಗೆ ಇರಲಿಲ್ಲ. ಊರಾಚೆಯ ಕೇರಿಯ ಕೈಗೆ ಮಾತ್ರ ಇತ್ತು.

ಎಂಟನೆಯ ದಿನ ಗುಡ್ಡವ್ವ ತಾನೇ ಎದ್ದು ಹೋಗಿ ಬೇವಿನ ಗಿಡದ ಕೆಳಗೆ ಕುಳಿತಳು.

"ನೀವ ಕಲಸ್ರಿ ಅಕ್ಕಾರ. ನನ್ನ ಪಾಲಿಂದು ಮ್ಯಾಲಿಂದ ಹಾಕ್ರಿ. ಕೂಸುಗೋಳು ಬರ್ಲಿ."

"ಸ್ವಲ್ಪ ದಿನ ಅಷ್ಟ, ಗುಡ್ಡವ್ವ."

ಆ ಸ್ವಲ್ಪ ದಿನ ಮೂರು ವರ್ಷವಾಯಿತು. ದಿನಾ ಮುಂಜಾನೆ ಗುಡ್ಡವ್ವ ಬೊಗಸೆ ಒಡ್ಡುವಳು, ಚನ್ನವ್ವ ಗೇಣೆತ್ತರದಿಂದ ಸುರಿಯುವಳು. ಸಾಹೇಬರು ಬಂದು ನೋಡಿ, ಕೇಂದ್ರ ಚೆನ್ನಾಗಿ ನಡೆದಿದೆ ಎಂದು ಬರೆದುಕೊಂಡು ಹೋಗುತ್ತಿದ್ದರು.

* * *

ಕೇರಿಯ ಅಂಗಳದಲ್ಲಿ ಗುಡ್ಡವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮಗಳು ಸತ್ತೆವ್ವ ಕಣ್ಣೊರೆಸಿಕೊಂಡು ದಾರಿ ಬಿಟ್ಟಳು.

"ಬರ್ರಿ ಅಕ್ಕಾರ. ನಿಮ್ಮ ಕೈಯಾಗಿನ ಹಾಲಂದ್ರ ನಮ್ಮವ್ವಗ ಜೀವ ಇತ್ರಿ."

"ಮುಂದ ಹೋಗಬ್ಯಾಡ್ರಿ, ಗುರುಲಿಂಗಪ್ಪನ ಆಳು ನೋಡಾಕತ್ತಾನ," ಎಂದ ಕೇರಿಯ ಹಿರಿಯ ಲಗಮಪ್ಪ, ಮೆಲ್ಲಗೆ.

"ನೋಡ್ಲಿ ಬಿಡ್ರಿ ಕಾಕಾ."

ಚನ್ನವ್ವ ಮುಂದೆ ಹೋಗಿ ಕುಳಿತಳು. ಕಣ್ಣು ಮಂಜಾದರೂ ಬಟ್ಟಲು ಬಾಗಿಸಿದಳು.

ಬಟ್ಟಲು ಗುಡ್ಡವ್ವನ ಬಾಯಿಂದ ಒಂದು ಗೇಣು ಮೇಲೆಯೇ ನಿಂತಿತ್ತು. ಮೂರು ವರ್ಷದ ರೂಢಿ. ಎಷ್ಟು ಬಯಸಿದರೂ ಆ ಕೈ ಕೆಳಗಿಳಿಯಲಿಲ್ಲ, ಗದ್ದ ಹಿಡಿಯಬೇಕಿದ್ದ ಕೈ ಮುಂದೆ ಹೋಗಲಿಲ್ಲ. ಹಾಲು ತುಟಿಯೊಳಗೆ ಹೋಗದೆ ಗದ್ದದ ಮೇಲಿಂದ ಹರಿಯತೊಡಗಿತು. ಅದು ಮಣ್ಣುಪಾಲಾಗಬಾರದೆಂದು ಸತ್ತೆವ್ವ ಕೆಳಗೆ ಬೊಗಸೆ ಒಡ್ಡಿದಳು.