ಬೆಳಕು ನೋಡುವ ಫೋಟೋ

ಹೆಂಡತಿ ಮನೆಯಲ್ಲಿಲ್ಲದಾಗ ಫೋಟೋದವನು ಒಂದು ಉದ್ದನೆಯ ಕೇಬಲ್ ಕೊಂಡು ತಂದ. ಅದರ ಒಂದು ತುದಿ ಕ್ಯಾಮೆರಾಕ್ಕೆ, ಇನ್ನೊಂದು ಕಂಪ್ಯೂಟರಿಗೆ. ಕಂಪ್ಯೂಟರಿನಲ್ಲಿ ಅದಕ್ಕೆ ಬೇಕಾದ ಸಾಫ್ಟ್‌ವೇರನ್ನೂ ಹಾಕಿದ. ಇನ್ನು ಕ್ಯಾಮೆರಾ ಮುಟ್ಟುವುದೇ ಬೇಡ. ಇಲ್ಲಿ ಮೌಸ್ ಒತ್ತಿದರೆ ಅಲ್ಲಿ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ತಾನಾಗಿಯೇ ಕ್ಲಿಕ್ ಎನ್ನುತ್ತದೆ, ಚಿತ್ರ ನೇರವಾಗಿ ಕಂಪ್ಯೂಟರಿಗೆ ಬಂದು ಬೀಳುತ್ತದೆ. ಮೊದಲ ದಿನ ಅವನು ಚಿಕ್ಕ ಮಕ್ಕಳ ಹಾಗೆ ಗೋಡೆ, ಕುರ್ಚಿ, ಫ್ಯಾನು, ಕಂಡದ್ದೆಲ್ಲದರ ಫೋಟೋ ತೆಗೆದ. ನೋಡಿದೆಯಾ ಎಂದು ತೋರಿಸಲು ಹಿಂದೆ ತಿರುಗಿದರೆ ಅಲ್ಲಿ ಯಾರೂ ಇರಲಿಲ್ಲ.

ಹೆಂಡತಿ ಹೋದದ್ದು ಅಕ್ಕನ ಮನೆಗೆ. ಅಕ್ಕನಿಗೆ ಮಂಡಿ ಆಪರೇಷನ್, ಒಂದು ವಾರ ಇದ್ದು ಬರುತ್ತೇನೆ ಎಂದವಳು. ಅಕ್ಕ ಎದ್ದು ಓಡಾಡಿ, ಅಂಗಡಿಗೂ ಒಬ್ಬಳೇ ಹೋಗಿ ಬರುವಂತಾದಳು. ತಂಗಿ ಮಾತ್ರ ವಾಪಸು ಬರಲಿಲ್ಲ. ಜಗಳವೇ? ಜಗಳವಾಗಿದ್ದರೆ ಎಷ್ಟೋ ವಾಸಿ, ರಾಜಿಯಾದರೂ ಮಾಡಿಕೊಳ್ಳಬಹುದಿತ್ತು. ನಡೆದದ್ದು ಇಷ್ಟೇ: ಕೇಬಲ್ ತಂದ ದಿನ ನಮ್ಮ ಈ ಮಹಾಶಯ ಅವಳಿಗೆ ಫೋನು ಮಾಡಿ ಬಡಾಯಿ ಕೊಚ್ಚಿದ.

“ನೀನೇನೂ ಅವಸರ ಮಾಡ್ಬೇಡ ಕಣೇ. ಈಗ ಎಲ್ಲಾ ಕಂಪ್ಯೂಟರಿಂದಲೇ ಆಗುತ್ತೆ. ನೀನು ಇಲ್ದಿದ್ರೂ ಕೆಲಸ ಏನೂ ನಿಲ್ಲಲ್ಲ.”

ಅವಳಿಗೆ ಸಮಾಧಾನವಾಗಲಿ ಎಂದೇ ಹೇಳಿದ್ದು. ಅಯ್ಯೋ ಪುಣ್ಯಾತ್ಮ, ಸಮಾಧಾನ ಹೇಳುವ ಚಂದವೇ ಇದು! “ಹೌದಾ, ಒಳ್ಳೇದಾಯ್ತು ಬಿಡಿ” ಎಂದಳು ಅವಳು. ಅಲ್ಲಿಂದಾಚೆ ಅವಳ ಫೋನು ಬರುವುದು ನಿಂತಿತು. ಇವನು ಮಾಡಿದರೆ ಅಕ್ಕ ಎತ್ತಿಕೊಂಡು “ಸ್ನಾನಕ್ಕೆ ಹೋಗಿದ್ದಾಳೆ” ಎನ್ನುವಳು. ಯಾವ ಹೊತ್ತಿನಲ್ಲಿ ಮಾಡಿದರೂ ಸ್ನಾನವೇ.

ಮನೆಯ ಕೆಳಗಿದ್ದ ಅವನ ಸ್ಟುಡಿಯೋದಲ್ಲಿ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಗಿರಾಕಿಗಳು ಬರುವ ಮೊದಲು ದೀಪಗಳು ಸರಿಯಾಗಿವೆಯೇ ಎಂದು ನೋಡಲು ಯಾರಾದರೂ ಸ್ಟೂಲಿನ ಮೇಲೆ ಕೂರಬೇಕು. ಮದುವೆಯಾಗಿ ಬಂದಾಗಿನಿಂದ ಅಲ್ಲಿ ಕೂತವಳು ಅವಳೇ. ಮೇಲಿನ ಮನೆಯಲ್ಲಿ ಒಲೆ ಆರಿಸಿ, ಕೈ ಒರೆಸಿಕೊಳ್ಳುತ್ತಾ ಇಳಿದು ಬಂದು ಕೂರುವಳು. ಇವನು ಕ್ಯಾಮೆರಾದ ಹಿಂದಿನಿಂದ “ಸ್ವಲ್ಪ ಎಡಕ್ಕೆ… ಗದ್ದ ಕೆಳಗೆ… ಮೂಗಿನ ನೆರಳು ಜಾಸ್ತಿ ಆಯ್ತು” ಎನ್ನುವನು. ನಗು ಎಂದು ಒಮ್ಮೆಯೂ ಹೇಳಿದವನಲ್ಲ; ಬೆಳಕು ನೋಡುವುದಕ್ಕೆ ನಗು ಯಾಕೆ? ಆಮೇಲೆ ಅವಳು ಎದ್ದು ಕಂಪ್ಯೂಟರಿನ ಮುಂದೆ ಕೂತರೆ ಸಂಜೆಯವರೆಗೆ ಅಲ್ಲೇ. ಅಂಗಡಿ ಮುಚ್ಚುವ ಮುಂಚೆ ಗಿರಾಕಿಗಳ ಚಿತ್ರಗಳನ್ನು ಎತ್ತಿಟ್ಟು, ಬೆಳಗಿನ ಬೆಳಕಿನ ಫೋಟೋಗಳನ್ನು ಅಳಿಸಿಬಿಡಬೇಕು. ಸುಮ್ಮನೆ ಜಾಗ ತಿನ್ನುತ್ತವೆ ಎಂದು ಅವನದು ಕಟ್ಟಪ್ಪಣೆ.

ಈಗ ಸ್ಟೂಲಿನ ಮೇಲೆ ಅವನೇ ಕೂರುತ್ತಿದ್ದ, ಕೈಯಲ್ಲಿ ವೈರಿಲ್ಲದ ಮೌಸ್ ಹಿಡಿದುಕೊಂಡು. ಒತ್ತಿದರೆ ಎದುರಿನ ಕ್ಯಾಮೆರಾ ಕ್ಲಿಕ್ ಎನ್ನುವುದು, ದೀಪಗಳು ಫಳ್ಳೆಂದು ಕಣ್ಣಿಗೆ ಹೊಡೆಯುವುವು. ಕ್ಯಾಮೆರಾದ ಹಿಂದೆ ಮನುಷ್ಯರೇ ಇಲ್ಲದಿರುವಾಗ ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಅವನು ಪೆಚ್ಚುಪೆಚ್ಚಾಗಿ ಕೂರುವನು. ಒಂದೊಂದು ಸಲ ತನಗೆ ತಾನೇ “ಗದ್ದ ಕೆಳಗೆ” ಎಂದುಕೊಳ್ಳುವನು. ಮಧ್ಯಾಹ್ನ ಮೇಲೆ ಹೋಗಿ, ಬೆಳಿಗ್ಗೆ ಮಾಡಿಟ್ಟದ್ದನ್ನೇ ನಿಂತುಕೊಂಡು ತಿಂದು, ಮತ್ತೆ ಇಳಿದು ಬರುವನು. ಅವಳು ಬಂದರೆ ಸಾಕೆಂದು ಜೀವ ಬಾಯಿ ಬಾಯಿ ಬಿಡುತ್ತಿತ್ತು. ಬಾ ಎಂದು ಕರೆಯಲು ಮಾತ್ರ ಜಂಭ ಅಡ್ಡ ಬರುತ್ತಿತ್ತು, ಹಾಳಾದ್ದು.

ಹೀಗಿರುವಾಗ ಒಂದು ಬೆಳಿಗ್ಗೆ ಅವಳದೇ ಫೋನು ಬಂತು.

“ರೀ, ತಿಂಡಿ ಆಯ್ತಾ?”

“ಆಯ್ತು. ನಿಂದು?”

“ಆಯ್ತು. ನಿಮ್ಮಿಂದ ಒಂದು ಕೆಲಸ ಆಗ್ಬೇಕಿತ್ತು. ಇಲ್ಲೊಂದು ಸ್ಕೂಲಲ್ಲಿ ಆಫೀಸ್ ಕೆಲಸಕ್ಕೆ ಅರ್ಜಿ ಹಾಕ್ಬೇಕು ಅಂತಿದ್ದೀನಿ. ನಂದೊಂದು ಫೋಟೋ ಕಳಿಸ್ತೀರಾ? ದಿನಾ ಬೆಳಿಗ್ಗೆ ತೆಗೀತಿದ್ರಲ್ಲ, ಅದ್ರಲ್ಲಿ ಯಾವ್ದಾದ್ರೂ ಸರಿ.”

ಕೆಲಸ ಸಿಕ್ಕಿದರೆ ಅವಳು ಅಲ್ಲೇ ಉಳಿದಳೆಂದೇ ಅರ್ಥ. ಆದರೂ ಕೇಳಿದ್ದಾಳಲ್ಲ, ತನ್ನನ್ನೇ ಕೇಳಿದ್ದಾಳಲ್ಲ! ಚೆನ್ನಾಗಿರುವುದೊಂದನ್ನು ಆರಿಸಿ ಕಳಿಸಿದರೆ, ಅದನ್ನು ನೋಡಿ ಅವಳ ಮನಸ್ಸು ಕರಗಿದರೆ? “ಅದಕ್ಕೇನಂತೆ, ಸಂಜೆಯೊಳಗೆ ಕಳಿಸ್ತೀನಿ” ಎಂದು ಧಾರಾಳವಾಗಿ ಒಪ್ಪಿಕೊಂಡ.

ಬಂದ ಗಿರಾಕಿಗಳನ್ನು ನಾಳೆ ಬನ್ನಿ ಎಂದು ಸಾಗಹಾಕಿ ಕಂಪ್ಯೂಟರನ್ನೆಲ್ಲ ಜಾಲಾಡಿದ. ಊರವರೆಲ್ಲ ಅದರಲ್ಲಿದ್ದರು. ಪಾಸ್‌ಪೋರ್ಟಿಗೆಂದು ಉಸಿರು ಬಿಗಿಹಿಡಿದು ಕೂತವರು, ಹಲ್ಲು ಬಾರದ ಕೂಸುಗಳು, ಎರವಲು ಕೋಟಿನ ಮದುಮಗ, ಯಾರದೋ ಮನೆಯ ನಾಯಿ, ಅದೂ ಬೇರೆ ಬೇರೆ ಭಂಗಿಗಳಲ್ಲಿ! ಅವಳಿರಲಿಲ್ಲ. ಹಳೆಯ ಡಿಸ್ಕುಗಳಲ್ಲೂ ಇರಲಿಲ್ಲ. ಕೊನೆಗೆ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದ.

“ಅಳಿಸಿದ ಜಾಗದ ಮೇಲೆ ದಿನಾ ಹೊಸದು ಬಂದು ಕೂತಿದೆ ಸಾರ್, ಇನ್ನು ಸಿಗಲ್ಲ” ಎಂದ ರಿಪೇರಿಯವನು. “ಮನೇಲಿ ಆಲ್ಬಮ್ ಇರುತ್ತಲ್ಲ, ಅದ್ರಲ್ಲಿ ನೋಡಿ. ನೀವು ಫೋಟೋದವರು, ನಿಮ್ಮನೇಲಿ ಫೋಟೋಗೆ ಬರವಾ?”

ಆಲ್ಬಮ್ಮಿನಲ್ಲಿ ಮದುವೆಯ ಚಿತ್ರಗಳಿದ್ದವು. ಅದರಲ್ಲಿರುವ ಹುಡುಗಿಯನ್ನು ತೋರಿಸಿದರೆ ಇವಳೇ ಅವಳೆಂದು ಯಾವ ಸ್ಕೂಲಿನವರೂ ಒಪ್ಪುವುದಿಲ್ಲ. ಅದರ ನಂತರದ ಹಾಳೆಗಳೆಲ್ಲ ಖಾಲಿ. ದಿನವೂ ಅವಳನ್ನು ನೋಡಿದ್ದ, ಅಳತೆ ಹಿಡಿದು ನೋಡಿದ್ದ. ಈಗ ಕಣ್ಣು ಮುಚ್ಚಿ ನೆನೆಸಿಕೊಂಡರೆ ಮೂಗಿನ ಪಕ್ಕದ ನೆರಳಷ್ಟೇ ಹೊಳೆಯುತ್ತಿತ್ತು. ಅವನಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು.

ಸಂಜೆ ಅವನೇ ಫೋನು ಮಾಡಿದ. ಮೊದಲ ರಿಂಗಿಗೇ ಅವಳು ಎತ್ತಿಕೊಂಡಳು.

“ಸಿಕ್ತಾ ರೀ?” ಆ ದನಿಯಲ್ಲಿ ಆಸೆ ಇತ್ತು. ಅವನಂಥವನಿಗೂ ಅದು ಕೇಳಿಸಿತು.

“ಹಳೇದೆಲ್ಲ ಯಾಕೆ ಕಣೇ? ಒಂದ್ಸಲ ಬಂದು ಹೋಗು. ಒಳ್ಳೇ ಬೆಳಕು ಹಾಕಿ ಹೊಸದೇ ತೆಗೆದುಕೊಡ್ತೀನಿ.”

“ಒಂದೂ ಇಲ್ವಾ?”

“ಇದೆ, ಇಲ್ದೆ ಏನು… ಈ ಡಿಸ್ಕ್ ಯಾಕೋ ತೊಂದ್ರೆ ಕೊಡ್ತಿದೆ…”

“ಪಾಪ, ಡಿಸ್ಕನ್ನ ಯಾಕ್ರೀ ಬೈತೀರಾ? ದಿನಾ ಸಂಜೆ ಕೂತು ಅಳಿಸ್ತಿದ್ದವಳು ನಾನೇ ಅಲ್ವಾ. ನನ್ನ ಮುಖ ನಾನೇ ಹುಡುಕಿ ನಾನೇ ಅಳಿಸೋಳು. ನೀವು ಬಾಗಿಲ ಹತ್ರ ಬೀಗ ಹಿಡ್ಕೊಂಡು ನಿಂತು ‘ಆಯ್ತೇನೇ’ ಅಂತ ಕೇಳೋರು.”

ಅವನು ಮೌಸನ್ನು ಪಕ್ಕಕ್ಕೆ ಸರಿಸಿದ.

“ಅರ್ಜಿ ಮೊನ್ನೇನೇ ಹಾಕಿದ್ದೀನಿ” ಎಂದಳು. “ಫೋಟೋ ಇಲ್ಲೇ ಬೀದಿ ಕೊನೇಲಿ ತೆಗೆಸ್ಕೊಂಡೆ. ನನಗೆ ಗೊತ್ತಿಲ್ದೆ ಯಾವತ್ತಾದ್ರೂ ಒಂದನ್ನ ನೀವು ಎತ್ತಿಟ್ಕೊಂಡಿದ್ದೀರೇನೋ ಅಂತ ಕೇಳ್ದೆ, ಅಷ್ಟೆ. ಇದ್ದಿದ್ರೆ ನಾಳೆ ಬೆಳಿಗ್ಗೆ ಬಸ್ಸಿಗೇ ಹೊರಟುಬಿಡೋಣ ಅಂತ ಬ್ಯಾಗು ಕೂಡ ತುಂಬಿಟ್ಟಿದ್ದೆ. ಅಕ್ಕ ನಗ್ತಿದ್ಲು.”

“ಬಾರೇ…”

“ಇರ್ಲಿ ಬಿಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.”

ಫೋನು ಕಟ್ಟಾದದ್ದು ಅವನಿಗೆ ತಿಳಿಯಲಿಲ್ಲವೆಂದಲ್ಲ, ಚೆನ್ನಾಗಿಯೇ ತಿಳಿದಿತ್ತು. ಆದರೂ ಅದನ್ನು ಕಿವಿಗೆ ಒತ್ತಿಕೊಂಡು ಬಾರೇ, ಬಾರೇ ಎಂದು ಕರೆಯುತ್ತಲೇ ಇದ್ದ.