ಎಳೆ ಹರಿಯದ ಲಾಳಿ

ನಾನೊಂದು ಪುಟ್ಟ ಮಿಲ್ಲಿಂಗ್ ಮಷೀನು. ಲೋಹ ಕೊರೆಯುವುದು ನನ್ನ ಕಸುಬು, ಹಟ ನನ್ನ ಹುಟ್ಟುಗುಣ. ಕಂಪ್ಯೂಟರು ಹಾಕಿಕೊಟ್ಟ ದಾರಿಯಲ್ಲೇ ಓಡಾಡುತ್ತೇನೆಂದು ನನ್ನನ್ನು ಸಿಎನ್‌ಸಿ ಎನ್ನುತ್ತಾರೆ. ಗಾತ್ರ ನೋಡಿ ನಗಬೇಡಿ. ಟ್ರಂಕಿನಷ್ಟು ಜಾಗ ಸಾಕು ನನಗೆ, ಎತ್ತಲು ಮಾತ್ರ ನಾಲ್ಕು ಜನ ಬೇಕು.

ಹುಟ್ಟಿದ್ದು ಬೆಳಗಾವಿಯ ಒಂದು ಶೆಡ್ಡಿನಲ್ಲಿ. ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ದು ನನ್ನ ಮೈ ಮಾಡಿದರು, ತಿಕ್ಕಿ ತೀಡಿ ಹಸಿರು ಬಣ್ಣ ಬಳಿದರು. ಅಲ್ಲಿಂದ ನೇರ ಕಾಲೇಜಿಗೆ ಹೋದೆ. ಓದಲಿಕ್ಕಲ್ಲ, ಓದುವವರ ಕೈಯಲ್ಲಿ ಸಾಯಲಿಕ್ಕೆ! ಒಬ್ಬ ಕಟರ್ ಮುರಿದ, ಇನ್ನೊಬ್ಬ ತಿರುಗುವ ಕಟರನ್ನು ತಂದು ನನ್ನ ಎದೆಗೇ ಇಳಿಸಿದ. ತಪ್ಪು ಅವರದು, ಹೆಸರು ಕೆಟ್ಟಿದ್ದು ನನ್ನದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊನೆಗೆ ನನ್ನ ಮೇಲೆ ಬಟ್ಟೆ ಮುಚ್ಚಿದರು, ಅದರ ಮೇಲೆ ಹಳೇ ಉತ್ತರಪತ್ರಿಕೆ ಪೇರಿಸಿದರು. ಆಮೇಲೆ ಹರಾಜಿಗೆ ಹಾಕಿದರು.

ಹರಾಜಿನಲ್ಲಿ ನನ್ನನ್ನು ಕೊಂಡವನು ದಾನಪ್ಪ. ಗುಳೇದಗುಡ್ಡದಲ್ಲಿ ಮಗ್ಗದ ಬಿಡಿಭಾಗ ಮಾಡಿಕೊಡುವವನು, ಮಾತು ಕಡಿಮೆ. ಟೆಂಪೋದಲ್ಲಿ ಹಗ್ಗ ಬಿಗಿದು ನನ್ನನ್ನು ಮನೆಗೆ ತಂದ. ಮನೆಗೆ ಅಂಟಿಕೊಂಡೇ ಅವನ ಶೆಡ್ಡು. ಬಾಗಿಲು ತೆರೆದರೆ ಪಡಸಾಲೆ, ಪಡಸಾಲೆಯಲ್ಲಿ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅವನ ಅಕ್ಕ ಶಂಕ್ರವ್ವ ಕುಪ್ಪಸಕ್ಕೆ ರೇಷ್ಮೆಯ ಖಣ ನೇಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಅದೇ ಮಗ್ಗದ ಮೇಲೆ ತಮ್ಮನನ್ನು ಬೆಳೆಸಿದವಳು.

ದಾನಪ್ಪ ನನ್ನನ್ನು ಸಜ್ಜು ಮಾಡಿದ ದಿನ ದಸರೆಯ ಬನ್ನಿ ಹಬ್ಬ. ಕೊರೆಯುವ ತುಂಡನ್ನು ಕಚ್ಚಿ ಹಿಡಿಯಲು ನನ್ನ ಮೇಜಿನ ಮೇಲೆ ಒಂದು ವೈಸು ಬೇಕು, ಅದೇ ನನ್ನ ದವಡೆ. ಅವನು ವೈಸು ಎತ್ತಿ ಕೂರಿಸುವ ಹೊತ್ತಿಗೆ ಶಂಕ್ರವ್ವ ಬನ್ನಿ ಎಲೆ ಹಿಡಿದು ಬಂದಳು. ಬಂಗಾರದಂಗ ಇರು ಎಂದು ಹರಸಿ, ಒಂದೆರಡು ಎಲೆಯನ್ನು ವೈಸಿನ ಅಡಿಗೆ ಸರಿಸಿದಳು. ದಾನಪ್ಪ ಎಲೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಅದರ ಮೇಲೆಯೇ ಬೋಲ್ಟು ಬಿಗಿದ. ಅವತ್ತು ಹಸಿ ಎಲೆ, ಬಿಗಿಯಾಗೇ ಕೂತಿತು. ಒಣಗಿ ಪುಡಿಯಾದ ಮೇಲೆ ನನ್ನ ದವಡೆ ಕೂದಲೆಳೆಯಷ್ಟು ಅಲುಗತೊಡಗಿತು. ನಾನು ಮಾಡುತ್ತಿದ್ದುದು ಹಲ್ಲುಗಾಲಿ, ಪಟ್ಟಿ, ಕೊಕ್ಕೆ. ಅವುಗಳ ಮೈ ತರಿತರಿ ಇದ್ದರೆ ಕೇಳುವವರು ಯಾರು?

ಮುಂದಿನ ಬೇಸಿಗೆಯಲ್ಲಿ ಶಂಕ್ರವ್ವನಿಗೆ ಲಕ್ವಾ ಹೊಡೆಯಿತು. ಕಾಲು ಉಳಿಯಿತು, ಬಲಗೈಯ ಹಿಡಿತ ಹೋಯಿತು. ಕುಣಿಮಗ್ಗದಲ್ಲಿ ನೂಲು ಹೊತ್ತು ಓಡುವ ಲಾಳಿಯನ್ನು ಒಂದು ಕೈ ಎಸೆಯಬೇಕು, ಇನ್ನೊಂದು ಕೈ ಹಿಡಿದು ತಿರುಗಿ ಎಸೆಯಬೇಕು. ಅವಳ ಬಲಗೈ ಬರೀ ತಳ್ಳಬಲ್ಲದು. ಕಟ್ಟಿಗೆಯ ಹಗುರ ಲಾಳಿ ತಳ್ಳಿದರೆ ಅರ್ಧ ದಾರಿಯಲ್ಲೇ ನಿಲ್ಲುತ್ತಿತ್ತು. ಮಗ್ಗದ ಮೇಲೆ ಉದ್ದೆಳೆಗಳ ಕಡುಗೆಂಪು ಹಾಸು ಹಾಗೇ ಬಿಗಿದುಕೊಂಡು ಕೂತಿತ್ತು. ಕುಣಿ ಮುಚ್ಚಿಸಿ ಅಲ್ಲೊಂದು ಪವರ್‌ಲೂಮು ಹಾಕಿ ಎಂದು ಬಂದ ನೆಂಟರೆಲ್ಲ ಬುದ್ಧಿ ಹೇಳಿ ಹೋದರು. ಅವಳು ಎಲ್ಲರಿಗೂ ಚಹಾ ಮಾಡಿಸಿ ಕೊಟ್ಟು, ಅವರು ಹೋದ ಮೇಲೆ ತಮ್ಮನನ್ನು ಕರೆದಳು.

“ತಮ್ಮಾ, ತೂಕದ್ದೊಂದು ಲಾಳಿ ಮಾಡಿಕೊಡು. ನೂಕಿದ್ರ ಆ ಕಡಿ ಮುಟ್ಟಬೇಕು, ಎಳಿ ಹರೀಬಾರದು. ದೀಪಾವಳಿ ಅಮಾಸಿ ತನಕ ನೋಡ್ತೀನಿ. ಆಗಲಿಲ್ಲಂದ್ರ ಕುಣಿ ಮುಚ್ಚಿಸಿ ಬಿಡು.”

ಕೆಲಸ ನನ್ನ ಪಾಲಿಗೆ ಬಂತು. ಅಲ್ಯೂಮಿನಿಯಂ ತುಂಡಿನಲ್ಲಿ ಲಾಳಿ ಕೆತ್ತುವುದೇನು ದೊಡ್ಡ ಮಾತಲ್ಲ. ಆದರೆ ಲಾಳಿ ಓಡುವುದು ಹಾಸಿನ ರೇಷ್ಮೆ ಎಳೆಗಳ ಮೇಲೆ. ಎಳೆಗೆ ತಾಗುವ ಅದರ ಹೊಟ್ಟೆಯ ಮೇಲೆ ಒಂದು ತರಿ ಉಳಿದರೂ ಎಳೆ ಚಟ್ ಎನ್ನುತ್ತದೆ. ಮೊದಲ ಲಾಳಿಯ ಮೇಲೆ ಶಂಕ್ರವ್ವ ಒಂದು ಎಳೆ ಎಳೆದು ನೋಡಿದಳು. ಹರಿಯಿತು. ನನಗೆ ಮೈಯೆಲ್ಲ ಉರಿಯಿತು.

ದಾನಪ್ಪನೂ ಬಿಡುವ ಪೈಕಿ ಅಲ್ಲ. ಸವೆದ ಕಟರ್ ಬಿಸಾಡಿ ಹೊಸದು ಹಾಕಿದ. ಅದು ಉದ್ದ ಚಾಚಿದರೆ ಬಳುಕುತ್ತದೆಂದು ಗಿಡ್ಡವಾಗಿ ಹಿಡಿಸಿದ. ಬಿಸಿಗೆ ಅಲ್ಯೂಮಿನಿಯಂ ಕಟರಿಗೆ ಮೆತ್ತಿಕೊಳ್ಳದಿರಲೆಂದು ಸೀಮೆಎಣ್ಣೆ ಹನಿಸಿದ, ಚೂರುಗಳನ್ನು ಗಾಳಿ ಊದಿ ಹಾರಿಸಿದ. ಮೊದಲು ಒರಟಾಗಿ ಕೊರೆದು, ಕೊನೆಯ ಸುತ್ತಿಗೆ ಈರುಳ್ಳಿ ಸಿಪ್ಪೆಯಷ್ಟೇ ಉಳಿಸಿಕೊಂಡು ಸಾವಕಾಶ ಸವರಿಸಿದ. ಪ್ರತಿ ಸಲವೂ ಮೈ ಇನ್ನಷ್ಟು ನುಣುಪಾಗುತ್ತಿತ್ತು. ಆದರೂ ಹೊಟ್ಟೆಯ ಮೇಲೆ ಸಣ್ಣ ಅಲೆಅಲೆ ಗೆರೆ ಉಳಿದೇ ಉಳಿಯುತ್ತಿತ್ತು, ಎಳೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಅಯ್ಯೋ, ನನಗೆ ಬಾಯಿ ಇದ್ದಿದ್ದರೆ! ದವಡೆ ಅಲುಗುತ್ತಿದೆ ಮಾರಾಯ, ಬಿಚ್ಚಿ ನೋಡು ಎಂದು ಕಿರುಚುತ್ತಿದ್ದೆ. ಕಿರುಚಿದ್ದೂ ಹೌದು, ಕಟರ್ ಇಳಿದಾಗಲೆಲ್ಲ ಕರ್ ಎಂದು ಕಿರುಚಿದೆ. ಒಂದು ದಿನ ದಾನಪ್ಪ ವೈಸಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದ, ಹಾಕಿದವನು ಹಾಗೇ ನಿಂತ, ತೆಗೆದು ಇಟ್ಟುಬಿಟ್ಟ. ಆಗ ತಿಳಿಯಿತು, ಅವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಅಕ್ಕನ ಹತ್ತಿರ ಹೋಗಿ, ಮಷೀನು ಹಳೇದಾಯಿತು, ಇಷ್ಟೇ ಅದರ ಕೈಲಾಗುವುದು ಎಂದ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಶಂಕ್ರವ್ವ ನಂಬಲಿಲ್ಲ. ಎದ್ದು ಶೆಡ್ಡಿಗೆ ಬಂದು, ಓಡಿಸು ನೋಡೋಣ ಎಂದಳು. ನಾನು ಓಡುತ್ತಿರುವಾಗ ಎಡಗೈಯನ್ನು ನನ್ನ ಮೇಜಿನ ಅಂಚಿಗೆ ಒತ್ತಿ ಹಿಡಿದಳು. ಮಗ್ಗದ ಅದುರು ಮುಟ್ಟಿ ಮುಟ್ಟಿ ಪಳಗಿದ ಕೈ ಅದು. ನಿಲ್ಲಿಸಲು ಹೇಳಿದಳು.

“ನಡಗಾಕತ್ತೈತಿ. ವೈಸಿನ ಬುಡಕ ನನ್ನ ಬನ್ನಿ ಐತಿ, ಹೌದಿಲ್ಲೋ?”

ದಾನಪ್ಪ ತಲೆ ಬಗ್ಗಿಸಿದ. “ನಿನ್ನ ಬಲಗೈಲೆ ಇಟ್ಟಿದ್ದು ಅಕ್ಕಾ. ಮತ್ತ ಆ ಕೈ…”

“ಕೈ ಹಿಂಗಾಗೇತಿ. ಎಲಿ ಕಾದುಕೊಂಡು ಕುಂತ್ರ ಸರಿ ಆಗ್ತೈತೇನು? ತಗಿ.”

ಅವನು ಬಿಚ್ಚಿದ, ಕಣ್ಣು ಒರೆಸಿಕೊಳ್ಳುತ್ತಲೇ ಬಿಚ್ಚಿದ. ಎಲೆಯೆಲ್ಲ ಕಂದು ಪುಡಿಯಾಗಿ ಎಣ್ಣೆಯೊಡನೆ ಅಂಟಿಕೊಂಡಿತ್ತು. ಶಂಕ್ರವ್ವ ಅದನ್ನು ಬಟ್ಟೆಯ ತುಂಡಿನಲ್ಲಿ ಒರೆಸಿ ತೆಗೆದು ತುಳಸಿ ಗಿಡದ ಬುಡಕ್ಕೆ ಹಾಕಿ ಬಂದಳು. ಅವನು ನನ್ನ ಮೇಜನ್ನೂ ವೈಸಿನ ತಳವನ್ನೂ ಎಣ್ಣೆ ಹಚ್ಚಿದ ಸಾಣೆಕಲ್ಲಿನಿಂದ ಸವರಿ, ಕಬ್ಬಿಣಕ್ಕೆ ಕಬ್ಬಿಣ ಕೂಡಿಸಿ ಬೋಲ್ಟು ಬಿಗಿದ.

ಕಟರ್ ಇಳಿಯಿತು. ಈಗ ಕಿರುಚಾಟವಿಲ್ಲ, ಒಂದೇ ಸಮ ಗುಂಯ್ ಎಂಬ ದನಿ. ನನ್ನ ಇಡೀ ಭಾರ ಆ ದವಡೆಗೆ ಕೊಟ್ಟು, ಕೊನೆಯ ಸುತ್ತು ದಾಟಿದೆ. ಗೆರೆಗಳಿದ್ದವು, ಸುಳ್ಳು ಹೇಳಲಾರೆ, ಬೆಳಕಿಗೆ ಓರೆ ಹಿಡಿದರಷ್ಟೇ ಕಾಣುವಂಥವು. ಶಂಕ್ರವ್ವ ಎಳೆ ಎಳೆದಳು. ಜಾರಿತು. ಇನ್ನೊಮ್ಮೆ ಎಳೆದಳು. ಜಾರಿತು. ಲಾಳಿ ತೆಗೆದುಕೊಂಡು ಕುಣಿಗೆ ಇಳಿದಳು. ಎಡಗೈ ಎಸೆದಿದ್ದನ್ನು ಬಲಗೈ ತಡೆಯಿತು, ನೂಕಿತು. ಲಾಳಿ ಹಾಸನ್ನು ಪೂರ್ತಿ ದಾಟಿ ಈ ಕಡೆ ಬಂತು. ದಾನಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಬಿಕ್ಕಿ ಬಿಕ್ಕಿ ಅತ್ತ. ಆ ವರ್ಷ ದೀಪಾವಳಿಗೆ ಕುಣಿಯನ್ನು ಸೆಗಣಿಯಿಂದ ಸಾರಿಸಿದರು, ಮುಚ್ಚಲಿಲ್ಲ.

ಈಗ ನಾನು ಮುದಿ. ನನ್ನ ಸ್ಕ್ರೂಗಳು ಸವೆದಿವೆ, ದಾನಪ್ಪ ದೊಡ್ಡ ಮಷೀನು ತಂದಿದ್ದಾನೆ. ನಾನು ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿದ್ದೇನೆ. ಮೊನ್ನೆ ಶಂಕ್ರವ್ವ ಲಾಳಿ ಹಿಡಿದು ಬಂದಳು, ನೂಲು ಹಾಯುವ ತೂತನ್ನು ಕೊಂಚ ಅಗಲ ಮಾಡಿಸಲಿಕ್ಕೆ. ದಾನಪ್ಪ ಅದನ್ನು ಹೊಟ್ಟೆ ಮೇಲಾಗುವಂತೆ ತಿರುಗಿಸಿ ಬೆಳಕಿಗೆ ಹಿಡಿದ. ಓರೆ ಮಾಡಿ ನೋಡಿದ, ಮತ್ತೆ ನೋಡಿದ. ಸಣ್ಣ ಗೆರಿ ಇದ್ದವಲ್ಲ ಅಕ್ಕಾ, ಎಲ್ಲಿ ಹೋದವು ಎಂದು ಕೇಳಿದ.

“ನೇಯ್ಕೋತ ನೇಯ್ಕೋತ ಹೋಗಿ ಬಿಟ್ಟಾವು,” ಎಂದಳು.

ಹಲ್ಲು ಕಚ್ಚಿ ಹಟ ಹಿಡಿದರೂ ನನ್ನಿಂದ ಅಳಿಸಲಾಗದ್ದನ್ನು ರೇಷ್ಮೆ ಎಳೆಗಳು ತಿಕ್ಕಿ ತಿಕ್ಕಿ ಅಳಿಸಿದ್ದವು. ಒಂದು ಗಳಿಗೆ ಹೊಟ್ಟೆಕಿಚ್ಚಾಯಿತು. ಕೆಲಸ ಶುರು ಮಾಡಿದವನೇ ಮುಗಿಸಬೇಕೆಂದು ಯಾರು ಹೇಳಿದರು ಎಂದು ನನಗೆ ನಾನೇ ಬೈದುಕೊಂಡೆ.

ಅವಳು ಲಾಳಿ ತೆಗೆದುಕೊಂಡು ಹೋಗಿ ಮಗ್ಗಕ್ಕೆ ಕೂತಳು. ಮೂಲೆಯಿಂದ ನನಗೆ ಮಗ್ಗ ಕಾಣುವುದಿಲ್ಲ, ಕೇಳಿಸುತ್ತದೆ ಅಷ್ಟೆ. ಮೊದಲೆಲ್ಲ ಎಡಗಡೆಯಿಂದ ಹೊರಟ ಲಾಳಿಯ ಸದ್ದು ಗಟ್ಟಿ, ಸೋತ ಬಲಗೈ ನೂಕಿದ್ದು ಮೆತ್ತಗೆ. ಈಗ ಕಿವಿಗೊಟ್ಟು ಕೇಳುತ್ತಿದ್ದೇನೆ, ಎರಡೂ ಗಟ್ಟಿ. ಬಲ ಯಾವುದು, ಎಡ ಯಾವುದು, ತಿಳಿಯುತ್ತಿಲ್ಲ.